ನಿಮ್ಮ ಹಡಗಿಗೆ ಗಾಳಿ ಯಾವ ಕಡೆಯಿಂದ?

ನಮಸ್ಕಾರ.

ನಿಮ್ಮ ಕತೆ ಓದಿದೆ. ಪೋರ್ಚುಗಲ್ ದೊರೆ ಎರಡನೇ ಜುವಾಂವ್ 1485ರಲ್ಲಿ ಕೊಲಂಬಸ್‌ನನ್ನು ಬರಿಗೈಲಿ ಕಳಿಸದೆ ಮೂರು ಹಡಗು ಕೊಟ್ಟಿದ್ದರೆ? ಕಲ್ಪನೆ ಚೆನ್ನಾಗಿದೆ. ಭಾಷೆ ಸಲೀಸಾಗಿದೆ. ಹಗ್ಗ ಹೊಸೆಯುವ ಮುದುಕ ಇಷ್ಟವಾದ. ಆದರೆ ನಾಲ್ಕನೇ ಪುಟದಲ್ಲಿ ನನಗೆ ನಿಜವಾಗಿ ಸಿಟ್ಟು ಬಂತು.

‘ಅಜೋರ್ಸ್ ದ್ವೀಪಗಳನ್ನು ದಾಟುತ್ತಲೇ ಪಶ್ಚಿಮದ ಗಾಳಿ ಹಾಯಿಗಳನ್ನು ತುಂಬಿತು’ ಅಂತ ಬರೆದಿದ್ದೀರಿ. ಅಜೋರ್ಸ್ ಇರುವುದು ಪೋರ್ಚುಗಲ್‌ನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಕಡಲಿನಲ್ಲಿ. ಪಶ್ಚಿಮದ ಗಾಳಿ ಅಂದರೆ ಪಶ್ಚಿಮದಿಂದ ಬೀಸುವ ಗಾಳಿ. ಅದು ಹಡಗನ್ನು ವಾಪಸ್ ಲಿಸ್ಬನ್ನಿಗೇ ದೂಡುತ್ತದೆ! ಮುಂದಿನ ಸಾಲು: ‘ಇಪ್ಪತ್ತು ದಿನದಲ್ಲಿ ನೆಲ ಕಂಡಿತು.’ ಹೇಗೆ? ಹುಟ್ಟು ಹಾಕಿಕೊಂಡು ಹೋದರೇ? ಅದರ ಮುಂದಿನದು: ‘ಹೋದ ದಾರಿಯಲ್ಲೇ ಮರಳಿದರು.’

1492ರಲ್ಲಿ ಕೊಲಂಬಸ್ ಮಾಡಿದ್ದನ್ನು ನೋಡಿ. ಆಗಸ್ಟ್ 3ಕ್ಕೆ ಸ್ಪೇನಿನ ಪಾಲೋಸ್ ಬಂದರು ಬಿಟ್ಟು ಮೊದಲು ದಕ್ಷಿಣಕ್ಕೆ, ಕೆನರಿ ದ್ವೀಪಗಳಿಗೆ ಹೋದ. ಅಲ್ಲಿ ಈಶಾನ್ಯದ ಗಾಳಿ ಬೆನ್ನಿಗೆ ಸಿಗುತ್ತದೆ. ಸೆಪ್ಟೆಂಬರ್ 6ಕ್ಕೆ ಹೊರಟವನಿಗೆ ಅಕ್ಟೋಬರ್ 12ಕ್ಕೆ ನೆಲ ಸಿಕ್ಕಿತು. ಬರುವಾಗ ಉತ್ತರಕ್ಕೆ ಏರಿ, ನೀವು ಹೇಳುವ ಅದೇ ಪಶ್ಚಿಮದ ಗಾಳಿ ಹಿಡಿದು ಅಜೋರ್ಸ್ ಮುಟ್ಟಿದ. ಹೋಗಲೊಂದು ದಾರಿ, ಬರಲೊಂದು ದಾರಿ.

ಇನ್ನೂ ಒಂದು ಮಾತು. ನಿಮ್ಮ ಇದೇ ದೊರೆ 1486ರಲ್ಲಿ ಫರ್ನಾಂವ್ ದುಲ್ಮೊ ಎಂಬವನಿಗೆ, ಸ್ವಂತ ಖರ್ಚಿನಲ್ಲಿ ಪಶ್ಚಿಮಕ್ಕೆ ನೆಲ ಹುಡುಕಲು ಅಪ್ಪಣೆ ಕೊಟ್ಟಿದ್ದ. ಹೊರಡಬೇಕಿದ್ದದ್ದು ಅಜೋರ್ಸ್‌ನಿಂದಲೇ. ನೆಲ ಸಿಕ್ಕಿದ ಸುದ್ದಿ ಬರಲೇ ಇಲ್ಲ. ನಿಜವಾದ ಕತೆ ಅಲ್ಲಿ ಬಿದ್ದಿದೆ, ನೀವು ಅದರ ಪಕ್ಕದಲ್ಲೇ ಹಾದುಹೋಗಿದ್ದೀರಿ.

ನಾನೇನು ಹುಟ್ಟಾ ಬುದ್ಧಿವಂತನಲ್ಲ. ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ತಿದ್ದುತ್ತಿದ್ದ ಕಾಲದಲ್ಲಿ ಮೀನುಗಾರನೊಬ್ಬನ ಕತೆ ಬರೆದಿದ್ದೆ. ಬಯಲುಸೀಮೆಯವನು ನಾನು, ಸಮುದ್ರ ನೋಡಿದ್ದು ಕ್ಯಾಲೆಂಡರಿನಲ್ಲಿ. ಹಿರಿಯ ಸಂಪಾದಕರು ಓದಿ, ಕನ್ನಡಕ ತೆಗೆದು, ‘ದೋಣಿ ಯಾವ ತಿಂಗಳಲ್ಲಿ ಇಳಿಸಿದ್ದೀಯಪ್ಪಾ?’ ಅಂದರು. ‘ಆಷಾಢ’ ಅಂದೆ. ಅವರು ಕರಾವಳಿಯವರು. ಬಿದ್ದು ಬಿದ್ದು ನಕ್ಕರು. ಜಡಿಮಳೆಗೆ ದಡಕ್ಕೆಳೆದು ಮಡಲು ಹೊದಿಸಿಟ್ಟ ದೋಣಿಯನ್ನು ನಾನು ಸುಮ್ನೆ ಕಡಲಿಗೆ ತಳ್ಳಿದ್ದೆ. ಕಿವಿ ಬಿಸಿಯಾದದ್ದು ಇವತ್ತಿಗೂ ನೆನಪಿದೆ.

ಇನ್ನು ಆಸ್ಥಾನದ ದೃಶ್ಯ. ‘ಭೂಮಿ ಚಪ್ಪಟೆ, ಅಂಚಿನಿಂದ ಬೀಳುತ್ತೀರಿ!’ ಅಂತ ಪಂಡಿತ ಕೂಗುತ್ತಾನೆ. ದಯವಿಟ್ಟು ಹೊಡೆದುಹಾಕಿ. ಭೂಮಿ ದುಂಡಗಿದೆ ಅಂತ ಆ ಪಂಡಿತರಿಗೆ ಚೆನ್ನಾಗಿ ಗೊತ್ತಿತ್ತು. ಜಗಳ ಇದ್ದದ್ದು ಲೆಕ್ಕದಲ್ಲಿ. ಕೆನರಿಯಿಂದ ಜಪಾನಿಗೆ ಸುಮಾರು 2,400 ನಾಟಿಕಲ್ ಮೈಲಿ ಅಂತ ಕೊಲಂಬಸ್ ನಂಬಿದ್ದ. ನಿಜಕ್ಕೂ ಅದು 10,000 ದಾಟುತ್ತದೆ. ನಡುವೆ ಅಮೆರಿಕ ಅಡ್ಡ ಬರದಿದ್ದರೆ ಅವನ ಜನ ಹಸಿವು, ಬಾಯಾರಿಕೆಯಲ್ಲೇ ಸಾಯುತ್ತಿದ್ದರು. ಪಂಡಿತರು ಸರಿ, ಕೊಲಂಬಸ್ ತಪ್ಪು. ಸರಿ ಹೇಳಿದವನು ಸೋಲುವ ಆಸ್ಥಾನ ಇನ್ನೂ ಚೆಂದದ ದೃಶ್ಯ ಅಲ್ವಾ?

ಉಳಿದ ಪುಟಗಳಿಗೆ ನಾನು ಕೈ ಹಾಕಿಲ್ಲ. ನಾಲ್ಕನೆಯದನ್ನು ಪೆನ್ಸಿಲ್ ಗುರುತಿನ ಜೊತೆ ವಾಪಸ್ ಕಳಿಸಿದ್ದೇನೆ. ತಿದ್ದಿ ಕಳಿಸಿ. ಕಳಿಸುವಾಗ ಹಡಗು ಯಾವ ತಿಂಗಳಲ್ಲಿ ಹೊರಟಿತು ಅಂತಲೂ ಬರೆಯಿರಿ.