ನಾಲ್ಕನೇ ಪುಟದ ಅಡಿಕೆ ಸಾಲು

ನಮಸ್ಕಾರ. ಚಿಪ್‌ನಿಂದ ಚಿಪ್‌ಗೆ ತಂತಿಯ ಬದಲು ಬೆಳಕಿನಲ್ಲಿ ಮಾಹಿತಿ ಸಾಗಿಸುವುದು, ಅದಕ್ಕೆ ಫೋಟಾನಿಕ್ ಕ್ರಿಸ್ಟಲ್ (ಸಾಲು ತೂತುಗಳಿಂದ ಬೆಳಕನ್ನು ದಾರಿಯಲ್ಲಿ ಹಿಡಿದಿಡುವ ಪದರ) ಒದಗಿಬರುವುದು, ಇದರ ಬಗ್ಗೆ ನೀವು ತೀರ್ಥಹಳ್ಳಿಯಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ.

ಮೊದಲು ತಪ್ಪಿನ ಮಾತು. ಬೆಳಕು ತಾಮ್ರದ ಸಿಗ್ನಲ್‌ಗಿಂತ ಸಾವಿರ ಪಟ್ಟು ವೇಗ ಎಂದು ಬರೆದಿದ್ದೀರಿ. ಹಾಗಿಲ್ಲ. ಚಿಪ್ ಮಾಡುವ ಸಿಲಿಕಾನ್ ಒಳಗೆ ಬೆಳಕಿನ ವೇಗ ನಿರ್ವಾತದಲ್ಲಿರುವುದರ ಮೂರನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ಒಳ್ಳೆಯ ತಾಮ್ರದ ಕೇಬಲ್‌ನಲ್ಲಿ ಸಿಗ್ನಲ್ ಅದಕ್ಕಿಂತ ಬೇಗ ಹೋಗುತ್ತದೆ. ಲಾಭ ಇರುವುದು ಬೇರೆ ಕಡೆ. ಸೆಕೆಂಡಿಗೆ ಕಳಿಸುವ ಬಿಟ್‌ಗಳು ಹೆಚ್ಚಿದಷ್ಟೂ ತಾಮ್ರದಲ್ಲಿ ಸಿಗ್ನಲ್ ಸೊರಗುತ್ತದೆ. ಅದಕ್ಕೆ ಬಲ ತುಂಬಲು ಕರೆಂಟ್ ಜಾಸ್ತಿ ಬೇಕು, ಬಿಸಿಯೂ ಜಾಸ್ತಿ. ಬೆಳಕಾದರೆ ಒಂದೇ ದಾರಿಯಲ್ಲಿ ಹಲವು ಬಣ್ಣಗಳು ಒಟ್ಟಿಗೆ ಹೋಗುತ್ತವೆ, ಒಂದೊಂದರ ಮೇಲೂ ಬೇರೆ ಮಾಹಿತಿ.

ಬೆಳಕು ಜೋಗದಂತೆ ಧುಮ್ಮಿಕ್ಕುತ್ತದೆ ಎನ್ನುವ ಸಾಲು ತೆಗೆಯಿರಿ. ಇಲ್ಲಿ ಬೆಳಕು ಧುಮುಕುವುದಿಲ್ಲ, ಅದನ್ನು ಕಟ್ಟಿಹಾಕುತ್ತಾರೆ.

ಈಗ ನಾಲ್ಕನೇ ಪುಟ. "ಅಡಿಕೆ ಕೊನೆ ಸಾಗಿಸುವ ಗಾಡಿಗೆ ಅಂತ ಅಪ್ಪ ಒಂದು ಸಾಲು ಸಸಿ ನೆಡದೆ ಬಿಟ್ಟಿದ್ದಾರೆ." ಸುಮ್ನೆ ಬಂದು ಹೋದ ಈ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಎರಡು ಗೆರೆ ಎಳೆದಿದ್ದೇನೆ. ಲೇಖನ ಇಲ್ಲಿಂದಲೇ ಶುರುವಾಗಬೇಕು. ನೀವು ವಿವರಿಸಲು ಒದ್ದಾಡಿದ್ದು ಇದನ್ನೇ ಅಲ್ವಾ? ತೆಳು ಸಿಲಿಕಾನ್ ಪದರದಲ್ಲಿ ಸಾಲು ಸಾಲು ತೂತು, ಸುಮಾರು 400 ನ್ಯಾನೋಮೀಟರ್‌ಗೆ ಒಂದರಂತೆ. ಒಂದು ಸಾಲು ಕೊರೆಯದೆ ಬಿಟ್ಟರೆ ಅದೇ ಬೆಳಕಿನ ದಾರಿ.

ಹೋಲಿಕೆ ಎಲ್ಲಿ ನಿಲ್ಲುತ್ತದೆ ಅಂತಲೂ ಹೇಳಿ. ತೋಟದಲ್ಲಿ ಕರು ಮರಗಳ ಸಂದಿಯಲ್ಲಿ ನುಗ್ಗುತ್ತದೆ. ಇಲ್ಲಿ ಬೆಳಕು ಪಕ್ಕಕ್ಕೆ ನುಗ್ಗಲಾರದು. ಪ್ರತಿ ತೂತೂ ಒಂದಿಷ್ಟು ಬೆಳಕನ್ನು ಹಿಂದಕ್ಕೆ ಚೆದುರಿಸುತ್ತದೆ. ತೂತುಗಳ ಅಂತರ ಬೆಳಕಿನ ಅಲೆಯ ಉದ್ದಕ್ಕೆ ಸರಿಯಾಗಿ ಕೂತಿದ್ದರೆ ಆ ಚೂರುಗಳೆಲ್ಲ ಒಂದೇ ಹೆಜ್ಜೆಗೆ ಬಂದು ಅಲೆಯನ್ನು ವಾಪಸ್ ತಳ್ಳುತ್ತವೆ. 1987ರಲ್ಲಿ ಭೌತವಿಜ್ಞಾನಿಗಳಾದ ಎಲಿ ಯಾಬ್ಲೊನೊವಿಚ್ ಮತ್ತು ಸಜೀವ್ ಜಾನ್ ಬೇರೆ ಬೇರೆಯಾಗಿ ಮುಂದಿಟ್ಟ ವಿಚಾರ ಇದು. ಕಂಪ್ಯೂಟರಿನ ಇತಿಹಾಸಕ್ಕೆ ಮೂರು ಪುಟ, ಇದಕ್ಕೆ ಅರ್ಧ ಸಾಲು ಕೊಟ್ಟಿದ್ದೀರಿ. ನನಗೆ ನಿಜಕ್ಕೂ ಬೇಜಾರಾಯಿತು.

ನಾಳೆ ತಂತಿಯೇ ಇರುವುದಿಲ್ಲ ಎನ್ನುವ ಕೊನೆಯ ಪ್ಯಾರಾ ಬೇಡ. ಅದರ ಬದಲು ಕಷ್ಟಗಳನ್ನು ಬರೆಯಿರಿ. ತೂತಿನ ಅಂಚು ಕೆಲವೇ ನ್ಯಾನೋಮೀಟರ್ ಆಚೀಚೆ ಆದರೂ ಬೆಳಕು ಸೋರುತ್ತದೆ. ಸಿಲಿಕಾನ್ ತಾನೇ ಚೆನ್ನಾಗಿ ಬೆಳಕು ಕೊಡುವುದಿಲ್ಲ, ಲೇಸರ್‌ಗೆ ಬೇರೆ ವಸ್ತು ತರಬೇಕು. ಫೋಟಾನಿಕ್ ಕ್ರಿಸ್ಟಲ್‌ಗೆ ನೀವು ಬಳಸಿದ "ದ್ಯುತಿಸ್ಫಟಿಕ"ವನ್ನೂ ಬಿಡಿ. ನಿಮ್ಮ ಅಪ್ಪ ಓದುವಾಗ ಆ ಪದಕ್ಕೆ ತಡವರಿಸುತ್ತಾರೆ. ಅವರೇ ನಮ್ಮ ಓದುಗರು.

ಒಮ್ಮೆ ಆ ಗಾಡಿ ಸಾಲಿನಲ್ಲಿ ನಡೆದು, ಎರಡೂ ಬದಿಯ ಮರಗಳ ಅಂತರ ಅಳೆದು, ಆಮೇಲೆ ಬರೆಯಲು ಕೂರಿ. ಮೂರು ಪುಟ ಸಾಕು. ದೀಪಾವಳಿಯೊಳಗೆ ಕಳಿಸಿ, ಜಾಗ ಇಟ್ಟಿರುತ್ತೇನೆ.