ಸಾಫ್ಟ್‌ವೇರ್ ಮಾಡುವವರು ತಮ್ಮ ತಲೆಗೆ ಒಗ್ಗುವುದನ್ನೇ ಎಲ್ಲರ ಮೇಲೆ ಹೇರುತ್ತಾರಾ?

ಕಣ್ಣು ಮುಚ್ಚಿದರೆ ನಿಮಗೆ ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡುವುದಿಲ್ಲ. ಆ್ಯಪ್‌ಗಳ ತುಂಬ ಐಕಾನ್‌ಗಳು, ಯಾವುದು ಯಾವುದಕ್ಕೆ ಅಂತ ನೆನಪು ಉಳಿಯುವುದಿಲ್ಲ. ‘ಚಿತ್ರ ಕಾಣುವ ತಲೆಯವರು ತಮ್ಮಂಥವರಿಗೇ ಇದನ್ನೆಲ್ಲ ಮಾಡಿಕೊಂಡಿದ್ದಾರೆ, ಅಲ್ವಾ?’ ಅಂತ ಕೇಳಿದ್ದೀರಿ. ಓದಿ ಸ್ವಲ್ಪ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಯಾಕೆ ಅಂತ ಹೇಳುತ್ತೇನೆ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ನನಗೂ ಚಿತ್ರ ಮೂಡುವುದಿಲ್ಲ. ಅಮ್ಮನ ಮುಖ ನೆನೆಸಿಕೋ ಅಂದರೆ ಆ ಮುಖದ ಬಗ್ಗೆ ಎಲ್ಲ ಗೊತ್ತು, ಆದರೆ ಕಾಣುವುದು ಬರೀ ಕತ್ತಲು. ‘ಕಣ್ಣಿಗೆ ಕಟ್ಟಿದ ಹಾಗೆ’ ಅನ್ನುವುದು ಸುಮ್ನೆ ಮಾತಿಗೆ ಹೇಳುವುದು ಅಂತಲೇ ತುಂಬಾ ವರ್ಷ ನಂಬಿದ್ದೆ. ಜನರಿಗೆ ನಿಜವಾಗಿಯೂ ಏನೋ ಕಾಣುತ್ತದೆ ಅಂತ ತಿಳಿದ ದಿನ ಸಿಟ್ಟೇ ಬಂದಿತ್ತು, ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ ಅಂತ. 2015ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದ ನರರೋಗ ತಜ್ಞ ಆ್ಯಡಂ ಝೆಮನ್ ಮತ್ತು ಅವರ ಜೊತೆಗಾರರು ಇದಕ್ಕೆ ‘ಅಫ್ಯಾಂಟೇಸಿಯಾ’ ಅಂತ ಹೆಸರಿಟ್ಟರು. ಅದಕ್ಕೂ ಮೊದಲು ನಮ್ಮಂಥವರಿಗೆ ಹುಡುಕಲು ಒಂದು ಪದವೂ ಇರಲಿಲ್ಲ.

ಆದರೆ ‘ಚಿತ್ರ ಕಾಣುವವರು ಕಟ್ಟಿದ ಲೋಕ’ ಅನ್ನುವುದು ಅಷ್ಟು ಸರಿಯಲ್ಲ. ಅನಿಮೇಷನ್ ಸಿನಿಮಾ ಮಾಡುವ ಪಿಕ್ಸಾರ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಎಡ್ ಕ್ಯಾಟ್‌ಮಲ್ ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಮಾಡಿದ ಕೆಲಸಕ್ಕೆ ಕಂಪ್ಯೂಟರ್ ಕ್ಷೇತ್ರದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಅವರಿಗೂ ಮನಸ್ಸಿನಲ್ಲಿ ಚಿತ್ರ ಕಾಣುವುದಿಲ್ಲ. ಫೈರ್‌ಫಾಕ್ಸ್ ಬ್ರೌಸರ್ ಹುಟ್ಟುಹಾಕಿದವರಲ್ಲಿ ಒಬ್ಬರಾದ ಬ್ಲೇಕ್ ರಾಸ್ ತಮಗೂ ಹೀಗೇ ಅಂತ 2016ರಲ್ಲಿ ಬರೆದುಕೊಂಡರು. ಇನ್ನೊಂದು ವಿಷಯ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಮ್ಮಂಥವರಿಗೆ ಕೋಣೆಗಳ ಫೋಟೋ ತೋರಿಸಿ, ನೆನಪಿನಿಂದ ಅದರ ಚಿತ್ರ ಬರೆಯಲು ಹೇಳಿದರು. ವಸ್ತುಗಳು ಕಡಿಮೆ, ಬಣ್ಣ ಕಡಿಮೆ. ಆದರೆ ಯಾವುದು ಎಲ್ಲಿತ್ತು ಅನ್ನುವುದು ಉಳಿದವರಷ್ಟೇ ಸರಿಯಾಗಿತ್ತು. ಹಾಗಾಗಿ ಐಕಾನ್ ಮರೆಯುವುದನ್ನೆಲ್ಲ ಅಫ್ಯಾಂಟೇಸಿಯಾದ ತಲೆಗೆ ಕಟ್ಟಬೇಡಿ. ಕೆಳಗೆ ಹೆಸರಿಲ್ಲದ ಐಕಾನ್ ಯಾರಿಗಾದರೂ ಒಗಟೇ.

ಈಗ ನಾಚಿಕೆಯ ಭಾಗ.

ಕೆಲವು ವರ್ಷಗಳ ಹಿಂದೆ ಆಫೀಸಿನೊಳಗೆ ಬಳಸುವ ಒಂದು ಟೂಲ್ ನನ್ನ ಕೈಯಲ್ಲಿತ್ತು. ಎಲ್ಲರ ಡಾಕ್ಯುಮೆಂಟ್‌ಗಳನ್ನು ಇಡುವ ಜಾಗ. ಎಡಗಡೆ ಫೋಲ್ಡರ್‌ಗಳ ಉದ್ದ ಪಟ್ಟಿ ಇತ್ತು. ನಾನು ಅದನ್ನು ಒಮ್ಮೆಯೂ ಬಳಸಿದವನಲ್ಲ. ನನಗೆ ಎಲ್ಲವೂ ಹೆಸರಿನಿಂದಲೇ ನೆನಪಿರುತ್ತದೆ. ಟೈಪ್ ಮಾಡುತ್ತೇನೆ, ಸಿಗುತ್ತದೆ. ಹಾಗಾಗಿ ಹೊಸ ಆವೃತ್ತಿಯಲ್ಲಿ ಆ ಪಟ್ಟಿಯನ್ನೇ ತೆಗೆದು, ನಡುವೆ ಒಂದು ದೊಡ್ಡ ಸರ್ಚ್ ಬಾಕ್ಸ್ ಇಟ್ಟೆ. ಪರದೆ ಎಷ್ಟು ಸ್ವಚ್ಛ! ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಮರುದಿನ ಟೆಸ್ಟಿಂಗ್ ತಂಡದ ಒಬ್ಬರು ನನ್ನ ಮೇಜಿನ ಹತ್ತಿರ ಬಂದು, ‘ನನ್ನ ಫೈಲ್ ಎಲ್ಲಿ ಹೋಯಿತು?’ ಅಂದರು.

‘ಹೆಸರು ಹಾಕಿ ಹುಡುಕಿ.’

‘ಹೆಸರು ಗೊತ್ತಿಲ್ಲ. ಎಡಗಡೆ ಇತ್ತು. ಕೆಳಗಿನಿಂದ ಮೂರನೆಯದು.’

ವರ್ಷಗಟ್ಟಲೆ ದಿನವೂ ತೆರೆದ ಫೈಲ್‌ನ ಹೆಸರು ಗೊತ್ತಿಲ್ಲವಾ? ಇವರಿಗೆ ಸರ್ಚ್ ಮಾಡುವುದು ಬರುವುದಿಲ್ಲ ಅಂತ ಒಳಗೊಳಗೇ ಅಂದುಕೊಂಡೆ. ಆಮೇಲೆ ಅರ್ಥವಾಯಿತು. ಅವರಿಗೆ ಫೈಲ್ ಅಂದರೆ ಹೆಸರಲ್ಲ, ಒಂದು ಜಾಗ. ನಾನು ಜಾಗವನ್ನೇ ಅಳಿಸಿಬಿಟ್ಟಿದ್ದೆ. ಎಲ್ಲರಿಗಿಂತ ಬೇರೆ ಥರದ ತಲೆ ಇದ್ದ ನಾನೇ ಅದನ್ನು ಎಲ್ಲರ ತಲೆ ಅಂದುಕೊಂಡು ಕೋಡ್ ಬರೆದಿದ್ದೆ. ಆದ್ದರಿಂದ ಇದು ಚಿತ್ರದವರ ತಪ್ಪು, ಮಾತಿನವರ ತಪ್ಪು ಅಂತಲ್ಲ. ಕಂಪ್ಯೂಟರ್ ಮುಂದೆ ಕೂತ ಯಾರೇ ಆದರೂ ಇದನ್ನೇ ಮಾಡುತ್ತಾರೆ, ಯಾಕೆಂದರೆ ಇನ್ನೊಬ್ಬರ ತಲೆಯೊಳಗೆ ಏನು ನಡೆಯುತ್ತಿದೆ ಅಂತ ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಎಷ್ಟು ಗೊತ್ತಾಗುವುದಿಲ್ಲ ಅಂದರೆ, ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಹೇಳಿದ ಒಂದು ಪ್ರಸಂಗ ಇದೆ. ಅವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಮನಸ್ಸಿನಲ್ಲೇ ಸೆಕೆಂಡ್ ಎಣಿಸುವ ಆಟ ಹಚ್ಚಿಕೊಂಡಿದ್ದರು. ಎಣಿಸುತ್ತಲೇ ಓದಲು ಬರುತ್ತಿತ್ತು, ಮಾತಾಡಲು ಮಾತ್ರ ಬರುತ್ತಿರಲಿಲ್ಲ. ಗಣಿತಜ್ಞ ಜಾನ್ ಟ್ಯೂಕಿ ಅದನ್ನು ಕೇಳಿ, ತಮಗೆ ತಿರುಗಾಮುರುಗಾ ಅಂದರು. ಎಣಿಸುತ್ತಾ ಆರಾಮಾಗಿ ಮಾತಾಡಬಲ್ಲರು, ಓದಲಾರರು. ಕೆದಕಿದಾಗ ಗೊತ್ತಾಯಿತು, ಫೈನ್‌ಮನ್ ಒಳಗೊಳಗೇ ಅಂಕಿಗಳನ್ನು ಹೇಳಿಕೊಳ್ಳುತ್ತಿದ್ದರು. ಟ್ಯೂಕಿಗೆ ಅಂಕಿ ಬರೆದ ಒಂದು ಪಟ್ಟಿ ಕಣ್ಣ ಮುಂದೆ ಸರಿದು ಹೋಗುತ್ತಿತ್ತು. ಒಂದರಿಂದ ಅರವತ್ತರವರೆಗೆ ಎಣಿಸುವಂಥ ಸಣ್ಣ ಕೆಲಸ! ಅಂದಹಾಗೆ, ಕಂಪ್ಯೂಟರಿನಲ್ಲಿ ಮಾಹಿತಿಯ ಅತಿ ಸಣ್ಣ ಅಳತೆಯಾದ ‘ಬಿಟ್’ ಎಂಬ ಪದ ಟ್ಯೂಕಿ ಸೂಚಿಸಿದ್ದು ಅಂತ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಬರೆದಿದ್ದಾರೆ. ನಮ್ಮ ಕಸುಬಿಗೆ ‘ಬಿಟ್’ ಕೊಟ್ಟವರ ತಲೆಯೇ ಫೈನ್‌ಮನ್ ತಲೆಗಿಂತ ಬೇರೆ ಥರ ಇದ್ದರೂ ನಾವು ‘ಬಳಕೆದಾರ’ ಅಂತ ಏಕವಚನದಲ್ಲೇ ಮಾತಾಡುತ್ತೇವೆ.

ಹಾಗಾದರೆ ಟೆಸ್ಟಿಂಗ್‌ನಲ್ಲಿ ಇದು ಸಿಕ್ಕಿಬೀಳುವುದಿಲ್ಲವಾ? ಜಾಸ್ತಿ ಸಲ ಇಲ್ಲ. ನಾವು ಎರಡು ವಿನ್ಯಾಸಗಳನ್ನು ಎರಡು ಗುಂಪಿಗೆ ಕೊಟ್ಟು, ಯಾವುದರಲ್ಲಿ ಜನ ಬೇಗ ಮುಗಿಸಿದರು ಅಂತ ನೋಡುತ್ತೇವೆ. ನೂರರಲ್ಲಿ ತೊಂಬತ್ತು ಜನ ಎರಡು ಸೆಕೆಂಡ್ ಬೇಗ ಮುಗಿಸಿ, ಹತ್ತು ಜನ ಕಂಗಾಲಾದರು ಅನ್ನಿ. ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಮೀಟಿಂಗ್‌ನಲ್ಲಿ ಚಪ್ಪಾಳೆಯೂ ಬೀಳುತ್ತದೆ. ಆ ಹತ್ತು ಜನ ದೂರು ಕೊಡುವವರೂ ಅಲ್ಲ. ‘ನನಗೇ ಬುದ್ಧಿ ಕಡಿಮೆ’ ಅಂದುಕೊಂಡು ಸುಮ್ಮನಾಗುತ್ತಾರೆ. ನಿಮ್ಮ ಪ್ರಶ್ನೆಯಲ್ಲೂ ಆ ದನಿ ಸ್ವಲ್ಪ ಕೇಳಿಸಿತು.

ಕೆಲವು ಕಡೆ ನಿಯಮಗಳೇ ಮುಂದೆ ಹೋಗಿವೆ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2023ರ ಅಕ್ಟೋಬರ್‌ನಲ್ಲಿ ಹೊರತಂದ, ವೆಬ್‌ಸೈಟ್‌ಗಳು ಎಲ್ಲರಿಗೂ ಬಳಸಲು ಆಗುವಂತಿರಬೇಕು ಅನ್ನುವ ಮಾರ್ಗಸೂಚಿಯ 2.2 ಆವೃತ್ತಿಯಲ್ಲಿ ನನಗೆ ಇಷ್ಟವಾದ ಒಂದು ಅಂಶ ಇದೆ. ಲಾಗಿನ್ ಆಗಲು ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವುದೋ ಒಗಟು ಬಿಡಿಸುವುದೋ ಒಂದೇ ದಾರಿ ಆಗಿರಬಾರದು, ಬೇರೆ ದಾರಿಯೋ ಸಹಾಯವೋ ಇರಬೇಕು. ಪೇಸ್ಟ್ ಮಾಡಲು ಬಿಡುವುದು ಅಂಥ ಒಂದು ಸಹಾಯ. ಆದರೂ ಪಾಸ್‌ವರ್ಡ್ ಜಾಗದಲ್ಲಿ ಪೇಸ್ಟ್ ತಡೆಯುವ ಸೈಟ್‌ಗಳು ಇನ್ನೂ ಇವೆ. ‘ಭದ್ರತೆಗಾಗಿ’ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಅದರಿಂದ ಭದ್ರತೆ ಹೆಚ್ಚುವುದಿಲ್ಲ, ಜನ ಸಣ್ಣ ಪಾಸ್‌ವರ್ಡ್ ಇಟ್ಟುಕೊಳ್ಳುತ್ತಾರೆ, ಅಷ್ಟೇ.

ಈಗ ನನಗೆ ಜಾಸ್ತಿ ಕಿರಿಕಿರಿ ಮಾಡುತ್ತಿರುವುದು ಚಾಟ್‌ಬಾಟ್‌ಗಳು. ಎಲ್ಲ ಉತ್ಪನ್ನಗಳಲ್ಲೂ ಮೆನು ಕಿತ್ತು ‘ಏನು ಬೇಕು, ಕೇಳಿ’ ಅನ್ನುವ ಖಾಲಿ ಪೆಟ್ಟಿಗೆ ಬರುತ್ತಿದೆ. ನನಗೇನೋ ಹಬ್ಬ, ನಾನು ಮಾತಿನವನು. ಆದರೆ 1981ರಲ್ಲಿ ಜೆರಾಕ್ಸ್ ಕಂಪನಿ ಸ್ಟಾರ್ ಎಂಬ ಕಂಪ್ಯೂಟರ್ ತಂದಾಗ, ಅದನ್ನು ರೂಪಿಸಿದವರು ಹಿಡಿದ ತತ್ವವೇ ಬೇರೆ ಇತ್ತು: ನೆನಪಿಟ್ಟು ಟೈಪ್ ಮಾಡುವ ಬದಲು, ನೋಡಿ ತೋರಿಸುವುದು. ಇವತ್ತಿನ ಐಕಾನ್, ಫೋಲ್ಡರ್ ಎಲ್ಲ ಆ ದಾರಿಯಲ್ಲೇ ಬಂದವು. ಏನು ಕೇಳಬಹುದು ಅಂತಲೇ ಗೊತ್ತಿಲ್ಲದವರಿಗೆ ಖಾಲಿ ಪೆಟ್ಟಿಗೆ ಅಂದರೆ ಗೋಡೆ. ನಾನು ಒಂದು ಆಫೀಸಿನಲ್ಲಿ ಮಾಡಿದ ತಪ್ಪನ್ನು ಈಗ ಇಡೀ ಉದ್ಯಮ ಸಂಭ್ರಮದಿಂದ ಮಾಡುತ್ತಿದೆ.

ಹಾಗಂತ ‘ಅಫ್ಯಾಂಟೇಸಿಯಾ ಮೋಡ್’, ‘ಎಡಿಎಚ್‌ಡಿ ಮೋಡ್’ (ಗಮನ ಒಂದೆಡೆ ನಿಲ್ಲಿಸಲು ಕಷ್ಟವಾಗುವವರಿಗೆ) ಅಂತ ಬಟನ್ ಇಡುವುದೂ ನನಗೆ ಒಪ್ಪಿಗೆಯಿಲ್ಲ. ಬಳಸುವವರು ಮೊದಲು ತಮಗೊಂದು ಹಣೆಪಟ್ಟಿ ಹಚ್ಚಿಕೊಳ್ಳಬೇಕಾಗುತ್ತದೆ. ಅದೇ ಹಣೆಪಟ್ಟಿಯ ಇಬ್ಬರಿಗೆ ಬೇಕಾಗುವುದೂ ಬೇರೆ ಬೇರೆ. ಡಾರ್ಕ್ ಮೋಡ್ ಯಾಕೆ ಹಾಕಿದೆ ಅಂತ ಯಾರೂ ಕೇಳುವುದಿಲ್ಲ ನೋಡಿ, ಹಾಗಿರಬೇಕು. ‘ಐಕಾನ್ ಕೆಳಗೆ ಹೆಸರು ತೋರಿಸು’, ‘ಚಲನೆ ನಿಲ್ಲಿಸು’, ‘ಜಾಗ ಬದಲಿಸಬೇಡ’. ಬೇಕಾದವರು ಹಾಕಿಕೊಳ್ಳಲಿ.

ನೀವು ಮಾಡಬಹುದಾದ ಒಂದು ಕೆಲಸ ಇದೆ. ದೂರು ಬರೆಯಿರಿ, ಆದರೆ ‘ಬಳಸಲು ಕಷ್ಟ’ ಅಂತ ಮಾತ್ರ ಬರೆಯಬೇಡಿ. ಅಂಥದ್ದು ನಮ್ಮ ಪಟ್ಟಿಯ ತಳ ಸೇರುತ್ತದೆ. ಯಾವ ಪರದೆ, ಏನನ್ನು ನೆನಪಿಟ್ಟುಕೊಳ್ಳಬೇಕಾಯಿತು, ಎಲ್ಲಿ ನಿಂತುಬಿಟ್ಟಿರಿ, ಇಷ್ಟು ಬರೆಯಿರಿ. ‘ಎಡಗಡೆ, ಕೆಳಗಿನಿಂದ ಮೂರನೆಯದು’ ಅನ್ನುವಷ್ಟು ಖಚಿತವಾಗಿದ್ದರೆ ಎಂಜಿನಿಯರ್ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಆ ಫೋಲ್ಡರ್ ಪಟ್ಟಿಯನ್ನು ಎರಡು ವಾರದಲ್ಲಿ ವಾಪಸ್ ಹಾಕಿದೆ. ಸರ್ಚ್ ಬಾಕ್ಸ್ ಕೂಡ ಇದೆ, ಸ್ವಲ್ಪ ಚಿಕ್ಕದಾಗಿ. ಪಟ್ಟಿಯನ್ನು ನಾನು ಇವತ್ತಿಗೂ ಬಳಸುವುದಿಲ್ಲ.