ವಿಸಿಟರ್ ಆಗಿ ಹೋಗಿ ಕೆನಡಾದಲ್ಲೇ ಮದುವೆ: ಮಗಳ ಬಗ್ಗೆ ಕೇಳಿದ ಅಕ್ಕನಿಗೆ

ಅಕ್ಕಾ, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಎರಡು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಕೆಲಸವೆಲ್ಲ ಮುಗಿಸಿ ಈಗ ಕೂತಿದ್ದೇನೆ. ಗಿಡಗಳ ಗುಂಪಿನಲ್ಲಿ ಇದನ್ನು ಕೇಳಬಹುದಾ ಅಂತ ಸಂಕೋಚಪಟ್ಟಿದ್ದೀರಿ. ಬೇಡ. ನಾನೂ ವಿಸಿಟರ್ ಆಗಿ ಬಂದು ಒಂಟಾರಿಯೊದಲ್ಲೇ ಮದುವೆಯಾದವಳು. ಪಿಆರ್‌ಗಾಗಿ, ಅಂದರೆ ಅಲ್ಲಿ ಕಾಯಂ ಆಗಿ ವಾಸಿಸುವ ಹಕ್ಕಿಗಾಗಿ, ಕಾಯುತ್ತಾ ಮನೆಯಲ್ಲಿದ್ದ ತಿಂಗಳುಗಳಲ್ಲೇ ಬಾಲ್ಕನಿಯಲ್ಲಿ ಮೆಂತ್ಯ ಬಿತ್ತಿದ್ದು, ಈ ಗುಂಪಿಗೆ ಸೇರಿದ್ದು.

ನೀವು ಮುಖ್ಯವಾಗಿ ಕೇಳಿದ್ದು ಇಷ್ಟು. ಮಗಳಿಗೆ ಒಂಟಾರಿಯೊದಲ್ಲಿ ಪಿಆರ್ ಆಗಿರುವ ಹುಡುಗನ ಜೊತೆ ಮದುವೆ ಗೊತ್ತಾಗಿದೆ. ಹುಡುಗನಿಗೆ ಸದ್ಯಕ್ಕೆ ರಜೆ ಇಲ್ಲ. ಮಗಳ ವೀಸಾ ಅರ್ಜಿ ಆಗಲೇ ಹೋಗಿದೆ. ಮಗಳು ವಿಸಿಟರ್ ವೀಸಾದಲ್ಲಿ ಹೋಗಿ ಅಲ್ಲೇ ಮದುವೆಯಾಗಬಹುದಾ? ಆಮೇಲೆ ಅಲ್ಲೇ ಇದ್ದುಕೊಂಡು ಪಿಆರ್‌ಗೆ ಅರ್ಜಿ ಹಾಕಬಹುದಾ?

ಎರಡಕ್ಕೂ ಉತ್ತರ ಹೌದು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮದುವೆ ಆದ ಮಾತ್ರಕ್ಕೆ ಅಲ್ಲಿ ಉಳಿಯುವ ಹಕ್ಕು ಬರುವುದಿಲ್ಲ. ತಾಳಿ ಕಟ್ಟಿಸಿಕೊಂಡ ಮರುದಿನವೂ ಅವಳು ವಿಸಿಟರ್ರೇ. ಮದುವೆ ಒಂದು ದಾರಿ, ಇಮಿಗ್ರೇಶನ್ ಬೇರೆ ದಾರಿ. ಜಾಸ್ತಿ ಜನ ಎಡವುವುದು ಇವೆರಡನ್ನೂ ಒಂದೇ ಅಂದುಕೊಂಡು.

ಮೊದಲು ವೀಸಾ ವಿಷಯ, ಯಾಕೆಂದರೆ ನನಗೆ ಜಾಸ್ತಿ ಭಯ ಇರುವುದು ಇಲ್ಲೇ. "ಮದುವೆ ಅಂತ ಬರೆದರೆ ವೀಸಾ ಕೊಡಲ್ಲ, ಸುಮ್ನೆ ಟೂರಿಸ್ಟ್ ಅಂತ ಹಾಕಿ" ಎಂದು ಹೇಳುವವರು ತುಂಬಾ ಇದ್ದಾರೆ. ನನಗೂ ಒಬ್ಬ ಏಜೆಂಟ್ ಹೀಗೇ ಹೇಳಿದ್ದರು. ದಯವಿಟ್ಟು ಕೇಳಬೇಡಿ. ಫಾರ್ಮಿನಲ್ಲಿ ಸುಳ್ಳು ಬರೆದರೆ, ಅಥವಾ ಮುಖ್ಯವಾದ ವಿಷಯ ಮುಚ್ಚಿಟ್ಟರೆ, ಅಲ್ಲಿನ ವಲಸೆ ಕಾನೂನಿನ 40ನೇ ಸೆಕ್ಷನ್ ಪ್ರಕಾರ 5 ವರ್ಷ ಕೆನಡಾಕ್ಕೆ ಬಾಗಿಲು ಮುಚ್ಚುತ್ತದೆ. ಆ 5 ವರ್ಷ ಪಿಆರ್‌ಗೂ ಅರ್ಜಿ ಹಾಕುವಂತಿಲ್ಲ. ಮದುವೆ ಎಷ್ಟೇ ನಿಜವಾಗಿರಲಿ, ಗಂಡ ಅಲ್ಲಿ ಹೆಂಡತಿ ಇಲ್ಲಿ.

ನಿಜ ಹೇಳಿಕೊಂಡೂ ಹೋಗಬಹುದು. ಅದೇ ಕಾನೂನಿನ 22(2)ನೇ ಸೆಕ್ಷನ್‌ಗೆ ಡ್ಯುಯಲ್ ಇಂಟೆಂಟ್ ಎನ್ನುತ್ತಾರೆ. ಮುಂದೆ ಪಿಆರ್ ಆಗುವ ಆಸೆ ಇದ್ದ ಮಾತ್ರಕ್ಕೆ ಈಗ ವಿಸಿಟರ್ ಆಗಿ ಬರಬಾರದು ಎಂದೇನಿಲ್ಲ. ಆದರೆ ಕೊಟ್ಟ ಅವಧಿ ಮುಗಿದಾಗ ಇವಳು ಹೊರಡುತ್ತಾಳೆ ಎಂಬ ನಂಬಿಕೆ ಆಫೀಸರ್‌ಗೆ ಬರಬೇಕು. ಹಾಗಾಗಿ ವೀಸಾ ಅರ್ಜಿಯ ಜೊತೆ ಒಂದು ಪತ್ರ ಇರಬೇಕು. ಹುಡುಗ ಯಾರು, ಮದುವೆ ಎಲ್ಲಿ, ಅವಳ ಕೆಲಸಕ್ಕೆ ಎಷ್ಟು ದಿನ ರಜೆ, ಪಿಆರ್ ಆಗದಿದ್ದರೆ ವಾಪಸ್ ಬರುತ್ತಾಳೆ ಎನ್ನುವುದಕ್ಕೆ ಆಧಾರ ಏನು, ಎಲ್ಲ ನೇರವಾಗಿ ಬರೆಯಲಿ. ವೀಸಾ ಸಿಗದೇ ಹೋಗಬಹುದು, ಅದೂ ನಿಜ. ವೀಸಾ ಇಲ್ಲ ಅಂದರೆ ಮತ್ತೆ ಕೇಳಬಹುದು. ಸುಳ್ಳು ಸಿಕ್ಕಿಬಿದ್ದರೆ ಕೇಳುವ ಹಾಗೂ ಇಲ್ಲ. ಏರ್‌ಪೋರ್ಟಿನಲ್ಲಿಯೂ ಅಷ್ಟೇ. ಕೇಳಿದ್ದಕ್ಕೆ ಚಿಕ್ಕದಾಗಿ, ನಿಜವಾಗಿ ಉತ್ತರ ಕೊಡಲಿ. ಫೋನ್ ತೆಗೆದು ನೋಡುವ ಅಧಿಕಾರ ಅವರಿಗಿದೆ. ಬಾಯಲ್ಲಿ "ನಯಾಗರ ನೋಡೋಕೆ" ಅಂದು, ಫೋನಿನಲ್ಲಿ ಲಗ್ನಪತ್ರಿಕೆ ಇದ್ದರೆ ಏನಾಗುತ್ತದೆ ಯೋಚಿಸಿ.

ಇನ್ನೊಂದು ಗೊಂದಲ ಪ್ರತಿ ಸಲ ನೋಡುತ್ತೇನೆ. ವೀಸಾ 10 ವರ್ಷಕ್ಕೆ ಇದೆ, ಹಾಗಾಗಿ 10 ವರ್ಷ ಇರಬಹುದು ಅಂದುಕೊಳ್ಳುತ್ತಾರೆ. ಅದು ಬಾಗಿಲ ತನಕ ಬರಲು ಇರುವ ಚೀಟಿ ಅಷ್ಟೇ. ಎಷ್ಟು ದಿನ ಇರಬಹುದು ಎಂದು ಹೇಳುವುದು ಏರ್‌ಪೋರ್ಟಿನ ಆಫೀಸರ್. ಬೇರೆ ತಾರೀಖು ಬರೆಯದಿದ್ದರೆ ಬಂದ ದಿನದಿಂದ 6 ತಿಂಗಳು. ಈಗ ಯಂತ್ರದ ಮುಂದೆ ನಿಂತು ಹೊರಬರುವುದರಿಂದ ಕೆಲವರಿಗೆ ಪಾಸ್‌ಪೋರ್ಟಿನಲ್ಲಿ ಸ್ಟಾಂಪೇ ಬೀಳುವುದಿಲ್ಲ. ಅವಳು ಕೇಳಿ ಹಾಕಿಸಿಕೊಳ್ಳಲಿ. ಬೋರ್ಡಿಂಗ್ ಪಾಸ್ ಕೂಡ ಎತ್ತಿಡಲಿ. ಮುಂದೆ ಎಲ್ಲ ಲೆಕ್ಕವೂ ಆ ತಾರೀಖಿನಿಂದಲೇ.

ಮದುವೆ ಮಾಡಿಕೊಳ್ಳುವುದು ಇದರಲ್ಲೆಲ್ಲ ಸುಲಭದ ಭಾಗ. ಕೆನಡಾದಲ್ಲಿ ಮದುವೆಯ ನಿಯಮ ಆಯಾ ಪ್ರಾಂತ್ಯದ್ದು. ಒಂಟಾರಿಯೊದಲ್ಲಿ ಮದುವೆಯಾಗಲು ಅಲ್ಲಿನ ನಿವಾಸಿ ಆಗಿರಬೇಕಿಲ್ಲ. ಪಾಸ್‌ಪೋರ್ಟ್ ತೋರಿಸಿ ನಗರಸಭೆ ಕಚೇರಿಯಲ್ಲಿ ಮ್ಯಾರೇಜ್ ಲೈಸೆನ್ಸ್ ತೆಗೆದುಕೊಳ್ಳಬೇಕು. ಅದು 90 ದಿನ ನಡೆಯುತ್ತದೆ, ಒಂಟಾರಿಯೊದೊಳಗೆ ಮಾತ್ರ. ಇಬ್ಬರು ಸಾಕ್ಷಿ ಬೇಕು. ದೇವಸ್ಥಾನದಲ್ಲಿ ಮಾಡುವುದಾದರೆ ಪುರೋಹಿತರು ಪ್ರಾಂತ್ಯದಲ್ಲಿ ನೋಂದಣಿ ಮಾಡಿಸಿಕೊಂಡವರಾ ಎಂದು ಮೊದಲೇ ಕೇಳಿ. ಇಬ್ಬರಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿ, ಕೆನಡಾದ ಹೊರಗೆ ಡಿವೋರ್ಸ್ ಆಗಿದ್ದರೆ, ಲೈಸೆನ್ಸ್‌ಗೂ ಮೊದಲು ಅಲ್ಲಿನ ವಕೀಲರ ಪತ್ರ, ರಿಜಿಸ್ಟ್ರಾರ್ ಜನರಲ್ ಒಪ್ಪಿಗೆ ಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ.

ನಾವು ಸಮಯ ಕಳೆದುಕೊಂಡದ್ದು ಮದುವೆಯ ನಂತರ. ಅವತ್ತೇ ಕೈಗೆ ಒಂದು ಕಾಗದ ಕೊಡುತ್ತಾರೆ. ಅದನ್ನೇ ಮ್ಯಾರೇಜ್ ಸರ್ಟಿಫಿಕೇಟ್ ಅಂದುಕೊಂಡು ಅರ್ಜಿಯ ಜೊತೆ ಇಟ್ಟೆವು. ಅದು ಮದುವೆ ನಡೆಸಿಕೊಟ್ಟರು ಎನ್ನುವ ದಾಖಲೆ ಮಾತ್ರ. ನಿಜವಾದ ಸರ್ಟಿಫಿಕೇಟ್ ಬೇಕೆಂದರೆ ಮದುವೆ ಪ್ರಾಂತ್ಯದ ದಾಖಲೆಗೆ ಹತ್ತಿದ ಮೇಲೆ ಸರ್ವಿಸ್ ಒಂಟಾರಿಯೊ ಎಂಬ ಪ್ರಾಂತ್ಯ ಸರ್ಕಾರದ ಸೇವಾ ಕಚೇರಿ ಮೂಲಕ ಬೇರೆಯಾಗಿ ಕೇಳಿ ತರಿಸಬೇಕು. ನಮ್ಮ ಫೈಲ್ ಪೂರ್ತಿ ಇಲ್ಲ ಎಂದು ಹಾಗೇ ವಾಪಸ್ ಬಂತು. ವಾಪಸ್ ಬಂದ ಫೈಲ್ ಅಂದರೆ ಹಾಕಿಯೇ ಇಲ್ಲ ಅಂತ ಲೆಕ್ಕ, ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಅಷ್ಟರಲ್ಲಿ ನನ್ನ 6 ತಿಂಗಳು ಮುಗಿಯುತ್ತಾ ಬಂದಿತ್ತು. ಆ ದಿನಗಳಲ್ಲಿ ನನಗೆ ನಿದ್ದೆ ಇರಲಿಲ್ಲ ಅಕ್ಕಾ. ಹಾಗಾಗಿ ಮಗಳು ಹೋದ ಮೊದಲ ತಿಂಗಳಲ್ಲೇ ಮದುವೆ ಮುಗಿಸಲಿ, ಕೊನೆಗೆ ಇಟ್ಟುಕೊಳ್ಳುವುದು ಬೇಡ.

ಈಗ ಪಿಆರ್ ಅರ್ಜಿ. ಗಂಡ ಹೆಂಡತಿಯನ್ನು ಸ್ಪಾನ್ಸರ್ ಮಾಡಬೇಕು, ಅಂದರೆ ಅವಳ ಹೊಣೆ ಹೊತ್ತು ಕರೆಸಿಕೊಳ್ಳಬೇಕು. ಅದಕ್ಕೆ ಎರಡು ದಾರಿ ಇವೆ. ಒಂದಕ್ಕೆ ಇನ್‌ಲ್ಯಾಂಡ್ ಎನ್ನುತ್ತಾರೆ, ಇಬ್ಬರೂ ಕೆನಡಾದಲ್ಲಿ ಒಟ್ಟಿಗೆ ವಾಸ ಮಾಡುತ್ತಾ ಹಾಕುವುದು. ಇನ್ನೊಂದು ಫ್ಯಾಮಿಲಿ ಕ್ಲಾಸ್, ಮಾತಿನಲ್ಲಿ ಔಟ್‌ಲ್ಯಾಂಡ್. ಹೆಸರು ನೋಡಿ ಅದಕ್ಕೆ ಹೊರದೇಶದಲ್ಲೇ ಇರಬೇಕು ಅಂದುಕೊಳ್ಳುತ್ತಾರೆ. ಹಾಗಿಲ್ಲ. ವಿಸಿಟರ್ ಆಗಿ ಕೆನಡಾದಲ್ಲಿ ಇದ್ದುಕೊಂಡೇ ಔಟ್‌ಲ್ಯಾಂಡ್ ಹಾಕಬಹುದು. ನಾನು ಹಾಕಿದ್ದು ಹಾಗೆ, ನಿಮ್ಮ ಮಗಳಿಗೂ ಅದನ್ನೇ ಹೇಳುತ್ತೇನೆ. ಕಾರಣ ಎರಡು. ಇನ್‌ಲ್ಯಾಂಡ್ ಹಾಕಿ ಮಧ್ಯದಲ್ಲಿ ಊರಿಗೆ ಬಂದು, ವಾಪಸ್ ಒಳಗೆ ಬಿಡದಿದ್ದರೆ, ಆ ಅರ್ಜಿಯೇ ಬಿದ್ದುಹೋಗಬಹುದು. ಅಜ್ಜಿಗೆ ಹುಷಾರಿಲ್ಲ, ತಂಗಿ ಮದುವೆ, ಏನಾದರೂ ಬಂದೇ ಬರುತ್ತದೆ ಅಲ್ವಾ. ಔಟ್‌ಲ್ಯಾಂಡ್ ಆದರೆ ಅವಳು ಎಲ್ಲಿದ್ದರೂ ಅರ್ಜಿ ನಡೆಯುತ್ತದೆ. ಎರಡನೆಯದು, ಔಟ್‌ಲ್ಯಾಂಡ್ ತಿರಸ್ಕಾರವಾದರೆ ಇಮಿಗ್ರೇಶನ್ ಅಪೀಲ್ ಡಿವಿಷನ್‌ಗೆ ಅಪೀಲು ಹೋಗಬಹುದು. ಇನ್‌ಲ್ಯಾಂಡ್‌ಗೆ ಆ ಅಪೀಲು ಇಲ್ಲ, ಫೆಡರಲ್ ಕೋರ್ಟಿಗೇ ಹೋಗಬೇಕು.

ಮೊದಲು ಇನ್‌ಲ್ಯಾಂಡ್ ಹಾಕಿದವರಿಗೆ ಮಾತ್ರ ಕಾಯುವಾಗ ವರ್ಕ್ ಪರ್ಮಿಟ್ ಸಿಗುತ್ತಿತ್ತು. ನಾನು ಅದೇ ಕಾರಣಕ್ಕೆ ಅಷ್ಟೂ ಕಾಲ ಕೆಲಸವಿಲ್ಲದೆ ಕೂತೆ. 2023ರ ಮೇ ತಿಂಗಳಿನಿಂದ ಅದು ಬದಲಾಯಿತು. ಗಂಡನ ಜೊತೆ ಕೆನಡಾದಲ್ಲೇ ವಾಸವಿದ್ದು, ಸ್ಟೇಟಸ್, ಅಂದರೆ ಅಲ್ಲಿ ಇರಲು ಸಿಕ್ಕಿರುವ ಅನುಮತಿ, ಸರಿಯಾಗಿದ್ದರೆ, ಔಟ್‌ಲ್ಯಾಂಡ್‌ನವರೂ ಓಪನ್ ವರ್ಕ್ ಪರ್ಮಿಟ್ (ಒಂದೇ ಕಂಪನಿಗೆ ಕಟ್ಟಿಹಾಕದ ಕೆಲಸದ ಅನುಮತಿ) ಕೇಳಬಹುದು. ಪಿಆರ್ ಅರ್ಜಿ ತಲುಪಿದೆ ಎನ್ನುವ ಪತ್ರ ಬಂದ ಮೇಲೆ ಹಾಕಿ. ಪರ್ಮಿಟ್ ಕೈಗೆ ಬರುವ ತನಕ ಒಂದು ದಿನವೂ ಕೆಲಸ ಮಾಡುವಂತಿಲ್ಲ, ಪರಿಚಯದವರ ಅಂಗಡಿಯಲ್ಲಿ ಕೈಗೆ ದುಡ್ಡು ಕೊಟ್ಟರೂ ಸರಿ.

ಸ್ಟೇಟಸ್ ಅಂದೆನಲ್ಲ, ಅದನ್ನು ಕಾಪಾಡಿಕೊಳ್ಳುವುದು ಹೇಗೆಂದರೆ: 6 ತಿಂಗಳು ಮುಗಿಯುವ ಮೊದಲು ವಿಸಿಟರ್ ರೆಕಾರ್ಡ್‌ಗೆ, ಅಂದರೆ ಅವಧಿ ಮುಂದುವರಿಸಲು, ಅರ್ಜಿ ಹಾಕಬೇಕು. ಕನಿಷ್ಠ 30 ದಿನ ಮೊದಲು ಹಾಕಿ ಎನ್ನುತ್ತಾರೆ. ಪಿಆರ್ ಅರ್ಜಿ ಹಾಕಿದ್ದೇವೆ, ಇನ್ನು ಇದೆಲ್ಲ ಯಾಕೆ ಅಂತ ಬಿಟ್ಟವರನ್ನು ನೋಡಿದ್ದೇನೆ. ಪಿಆರ್ ಅರ್ಜಿ ಬಾಕಿ ಇರುವುದರಿಂದ ವಿಸಿಟರ್ ಅವಧಿ ತಾನಾಗಿ ಬೆಳೆಯುವುದಿಲ್ಲ. ಸಮಯದೊಳಗೆ ಅರ್ಜಿ ಹಾಕಿದರೆ, ಉತ್ತರ ಬರುವ ತನಕ ಹಳೆಯ ಸ್ಟೇಟಸ್ಸೇ ನಡೆಯುತ್ತದೆ. ತಾರೀಖು ತಪ್ಪಿಯೇಹೋದರೆ 90 ದಿನದೊಳಗೆ ರಿಸ್ಟೊರೇಶನ್, ಅಂದರೆ ಕಳೆದುಹೋದ ಸ್ಟೇಟಸ್ ಮರಳಿ ಕೊಡಿ ಎಂದು, ಕೇಳಬಹುದು. ಅದನ್ನೂ ದಾಟಿದ ಗಂಡ ಹೆಂಡತಿಗೆ ಇನ್‌ಲ್ಯಾಂಡ್‌ನಲ್ಲಿ 2005ರಿಂದ ಒಂದು ವಿನಾಯಿತಿ ಇದೆ. ಅದು ಕಷ್ಟದಲ್ಲಿ ಸಿಕ್ಕಿಕೊಂಡವರಿಗೆ. ಅದನ್ನು ನಂಬಿಕೊಂಡು ಯಾರೂ ಹೊರಡಬಾರದು.

ಹುಡುಗನ ಕಡೆಯಿಂದ ಕೆಲವು ವಿಷಯ ಮದುವೆಗೆ ಮುಂಚೆ ಕೇಳಿ. ಬೀಗರ ಹತ್ತಿರ ಕೇಳುವುದು ಮುಜುಗರ ಅನ್ನಿಸಬಹುದು, ಆದರೂ ಕೇಳಿ. ಅವರಿಗೆ ಪಿಆರ್ ಹೇಗೆ ಬಂತು? ಅವರೇ ಹಿಂದಿನ ಮದುವೆಯಲ್ಲಿ ಹೆಂಡತಿಯ ಸ್ಪಾನ್ಸರ್‌ಶಿಪ್‌ನಿಂದ ಬಂದವರಾದರೆ, ಪಿಆರ್ ಆದ ದಿನದಿಂದ 5 ವರ್ಷ ಇನ್ನೊಬ್ಬರನ್ನು ಸ್ಪಾನ್ಸರ್ ಮಾಡುವಂತಿಲ್ಲ. ದಿವಾಳಿ ಪ್ರಕರಣ ನಡೆಯುತ್ತಿದ್ದರೆ, ಅಂಗವಿಕಲತೆಯ ಕಾರಣ ಬಿಟ್ಟು ಬೇರೆ ಕಾರಣಕ್ಕೆ ಸರ್ಕಾರದ ಸೋಶಿಯಲ್ ಅಸಿಸ್ಟೆನ್ಸ್ ಪಡೆಯುತ್ತಿದ್ದರೆ, ಆಗುವುದಿಲ್ಲ. ಇಷ್ಟೇ ಸಂಬಳ ಇರಬೇಕು ಎಂಬ ಮಿತಿ ಹೆಂಡತಿಯ ವಿಷಯದಲ್ಲಿ ಸಾಮಾನ್ಯವಾಗಿ ಇಲ್ಲ. ಆದರೆ ಅವಳು ಪಿಆರ್ ಆದ ದಿನದಿಂದ 3 ವರ್ಷ ಅವಳ ಖರ್ಚಿನ ಹೊಣೆ ತನ್ನದು ಎಂದು ಬರೆದುಕೊಡಬೇಕು. ಮಧ್ಯೆ ಕೆಲಸ ಹೋದರೂ, ಸಂಬಂಧ ಮುರಿದರೂ, ಆ ಸಹಿ ಹಾಗೇ ಇರುತ್ತದೆ.

ಇನ್ನು ಮದುವೆ ನಿಜ ಎಂದು ತೋರಿಸುವ ಕೆಲಸ. ಐಎಂಎಂ 5532 ಎಂಬ ಫಾರ್ಮ್ ಇದೆ. ಹೇಗೆ ಭೇಟಿಯಾದಿರಿ, ಯಾರು ಪರಿಚಯ ಮಾಡಿಸಿದರು, ಮದುವೆಗೆ ಮನೆಯವರು ಬಂದಿದ್ದರಾ, ಎಲ್ಲ ಕೇಳುತ್ತಾರೆ. ನಮ್ಮಂಥ ಮನೆಗಳಲ್ಲಿ ತೊಡಕು ಬರುವುದು ಇಲ್ಲಿ. ಜಾತಕ ಕೂಡಿಸಿ, ಎರಡು ಸಲ ವಿಡಿಯೊ ಕಾಲ್‌ನಲ್ಲಿ ಮಾತಾಡಿ, ಮೂರು ತಿಂಗಳಲ್ಲಿ ಮದುವೆ ಆಗುವುದು ನಮಗೆ ಮಾಮೂಲಿ. ಫೈಲ್ ಓದುವವರಿಗೆ ಅದು ಗೊತ್ತಿರಬೇಕಿಲ್ಲ. ಅದರ ಮೇಲೆ ಸಿಟಿ ಹಾಲಿನಲ್ಲಿ ನಾಲ್ಕು ಜನರ ನಡುವೆ ಮದುವೆಯಾಗಿ, ಅಪ್ಪ ಅಮ್ಮನೂ ಇಲ್ಲ ಅಂದರೆ ಅನುಮಾನ ಬರುತ್ತದೆ. ಹಾಗಾಗಿ ನೀವು ಮತ್ತು ಬೀಗರು ಒಂದೊಂದು ಪತ್ರ ಬರೆದುಕೊಡಿ. ಸಂಬಂಧ ಯಾರ ಮೂಲಕ ಬಂತು, ಹೆಣ್ಣು ನೋಡುವ ಶಾಸ್ತ್ರ ಯಾವತ್ತು, ಮದುವೆಗೆ ಬರಲು ಯಾಕೆ ಆಗಲಿಲ್ಲ, ಊರಲ್ಲಿ ಯಾವಾಗ ಆರತಕ್ಷತೆ ಮಾಡುತ್ತೀರಿ. ಫೋಟೊ 20ಕ್ಕಿಂತ ಜಾಸ್ತಿ ಬೇಡ ಎನ್ನುತ್ತಾರೆ. ಆ 20ರಲ್ಲಿ ಬೇರೆ ಬೇರೆ ದಿನ, ಬೇರೆ ಬೇರೆ ಜನ ಇರಲಿ. ನಿಶ್ಚಿತಾರ್ಥದ ಫೋಟೊದಲ್ಲಿ ಎರಡೂ ಮನೆಯವರು ಇದ್ದರೆ ಅದು ತುಂಬಾ ಬೆಲೆಯದು.

ಊರಲ್ಲಿ ಆಮೇಲೆ ಧಾರೆ ಎರೆದು ಶಾಸ್ತ್ರ ಮಾಡಿಕೊಳ್ಳಿ, ಸಂತೋಷವಾಗಿ. ಆದರೆ ಆ ತಾರೀಖಿಗೆ ಇನ್ನೊಂದು ಮದುವೆ ನೋಂದಣಿ ಮಾಡಿಸಬೇಡಿ. ಒಂದೇ ಮದುವೆಗೆ ಎರಡು ತಾರೀಖಿನ ಸರ್ಟಿಫಿಕೇಟ್ ಇದ್ದರೆ ವಿವರಿಸಿ ವಿವರಿಸಿ ಸಾಕಾಗುತ್ತದೆ. ಮದುವೆಯಾದ ಮೇಲೆ ಯಾವ ಫಾರ್ಮ್ ತುಂಬಿದರೂ ಕೆನಡಾದಲ್ಲಿ ಆದ ಮದುವೆಯ ತಾರೀಖೇ ಇರಲಿ. "ಹಾಗಾದರೆ ವಿಡಿಯೊ ಕಾಲ್‌ನಲ್ಲೇ ಮದುವೆ ಮಾಡಿ ಕಳಿಸೋಣ" ಎಂದು ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ಬರೆದಿದ್ದಾರೆ. ಬೇಡ. ಇಬ್ಬರೂ ಒಂದೇ ಜಾಗದಲ್ಲಿ ಎದುರು ಇಲ್ಲದ ಮದುವೆಯನ್ನು ಕೆನಡಾ 2015ರ ಜೂನ್‌ನಿಂದ ಇಮಿಗ್ರೇಶನ್‌ಗೆ ಒಪ್ಪುತ್ತಿಲ್ಲ.

ಕಾಗದಪತ್ರ ಊರಲ್ಲಿರುವಾಗಲೇ ಹೊಂದಿಸಿಕೊಳ್ಳಲಿ. ಜನನ ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದ ಬೇಕು, ಮನೆಯವರು ಮಾಡಿದ ಅನುವಾದ ನಡೆಯುವುದಿಲ್ಲ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾದಲ್ಲಿ ಸಿಗುತ್ತದೆ, ಕೆನಡಾದಲ್ಲಿದ್ದಾಗ ಭಾರತೀಯ ದೂತಾವಾಸದ ಮೂಲಕವೂ ಸಿಗುತ್ತದೆ. ವೈದ್ಯಕೀಯ ಪರೀಕ್ಷೆ ಅವರ ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರವೇ ಆಗಬೇಕು. ಅವಳಿಗೆ ಥೈರಾಯ್ಡ್ ಇದೆ, ಅದರಿಂದ ತೊಂದರೆಯಾ ಅಂತ ಕೇಳಿದ್ದೀರಿ. ಹೆದರಬೇಡಿ. ಚಿಕಿತ್ಸೆಗೆ ಸರ್ಕಾರಕ್ಕೆ ಜಾಸ್ತಿ ಖರ್ಚಾಗುತ್ತದೆ ಎಂಬ ಕಾರಣಕ್ಕೆ ಸ್ಪಾನ್ಸರ್ ಆದ ಹೆಂಡತಿಯನ್ನು ತಿರಸ್ಕರಿಸುವಂತಿಲ್ಲ. ಆದರೆ ವಿಸಿಟರ್‌ಗೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಇಲ್ಲ, ಖಾಸಗಿ ವಿಮೆ ಮಾಡಿಸಿಯೇ ಕಳಿಸಿ.

ಖರ್ಚು: 2024ರ ಏಪ್ರಿಲ್ ಕೊನೆಗೆ ಬಂದ ದರದಲ್ಲಿ ಸ್ಪಾನ್ಸರ್‌ಶಿಪ್, ಅರ್ಜಿ, ಪಿಆರ್ ಹಕ್ಕಿನ ಶುಲ್ಕ ಸೇರಿ ಸುಮಾರು 1,200 ಕೆನಡಾ ಡಾಲರ್, ಬೆರಳ ಗುರುತು ಕೊಡುವುದಕ್ಕೆ 85 ಬೇರೆ. ದರ ಆಗಾಗ ಏರುತ್ತದೆ, ಕಟ್ಟುವ ದಿನ ಐಆರ್‌ಸಿಸಿ (ಕೆನಡಾದ ವಲಸೆ ಇಲಾಖೆ) ಪುಟದಲ್ಲಿ ನೋಡಿ. ವಕೀಲರು ಕಡ್ಡಾಯ ಅಲ್ಲ. ನಾವು ಎರಡನೇ ಸಲ ನಾವೇ ತುಂಬಿದೆವು. ಹಳೆಯ ವೀಸಾ ತಿರಸ್ಕಾರ, ಡಿವೋರ್ಸ್, ಪೊಲೀಸ್ ಕೇಸು ಏನಾದರೂ ಇದ್ದರೆ ಮಾತ್ರ ಹಣ ಕೊಟ್ಟು ಸಲಹೆ ತೆಗೆದುಕೊಳ್ಳಿ. ಕನ್ಸಲ್ಟೆಂಟ್ ಆದರೆ ಅವರಿಗೆ ಲೈಸೆನ್ಸ್ ಕೊಡುವ, ಕಾಲೇಜ್ ಎಂದೇ ಕರೆಯುವ ಅಲ್ಲಿನ ಸಂಸ್ಥೆಯ ಪಟ್ಟಿಯಲ್ಲಿ ಅವರ ಹೆಸರು ಇದೆಯಾ ಎಂದು ನೀವೇ ಹುಡುಕಿ ನೋಡಿ.

ಊರಲ್ಲೇ ಮದುವೆ ಮಾಡಿದರೆ ಹೇಗೆ ಅಂತಲೂ ಕೇಳಿದ್ದೀರಿ. ಹುಡುಗನಿಗೆ ಮೂರು ವಾರ ರಜೆ ಸಿಗುವುದಾದರೆ ನಾನು ಅದನ್ನೇ ಆರಿಸುತ್ತೇನೆ. ನೀವೆಲ್ಲ ಇರುತ್ತೀರಿ, ಪುರಾವೆಯೂ ಗಟ್ಟಿ, 6 ತಿಂಗಳ ಗಡಿಯಾರದ ಭಯವೂ ಇಲ್ಲ. ಅರ್ಜಿ ಹಾಕಿದ ಮೇಲೆ ವಿಸಿಟರ್ ವೀಸಾ ಕೇಳಿ ಹೋಗಿ ಜೊತೆಗಿರಬಹುದು. ರಜೆ ಸಿಗುವುದೇ ಇಲ್ಲ ಅಂದರೆ ಮೇಲೆ ಹೇಳಿದ ದಾರಿ ಸರಿಯಾಗಿಯೇ ಇದೆ.

ಒಂದು ವಿಷಯ ನನಗೆ ಈಗಲೇ ಬೇಕು. ವೀಸಾ ಅರ್ಜಿ ಆಗಲೇ ಹೋಗಿದೆ ಅಂದಿರಿ. ಅದರಲ್ಲಿ ಭೇಟಿಯ ಕಾರಣ ಏನಂತ ತುಂಬಿದ್ದಾರೆ? ಏಜೆಂಟ್ ತುಂಬಿದ್ದರೆ ಕಾಪಿ ಕೇಳಿ ತರಿಸಿಕೊಳ್ಳಿ. ತಪ್ಪಿದ್ದರೆ ನಿರ್ಧಾರ ಬರುವ ಮೊದಲೇ ಐಆರ್‌ಸಿಸಿ ವೆಬ್ ಫಾರ್ಮ್‌ನಲ್ಲಿ ತಿದ್ದುಪಡಿ ಬರೆದು ಕಳಿಸಬೇಕು. ಕಾಪಿ ಸಿಕ್ಕಿದ ಕೂಡಲೇ ನನಗೆ ಮೆಸೇಜ್ ಮಾಡಿ, ಕೂತು ಒಟ್ಟಿಗೆ ಬರೆಯೋಣ.